ಉಸಿರು ಹಿಡದೀನ್ರಿ

ಸೂಜಿ ಹಾಕುವಾಗ ಕೋಣೆಯಲ್ಲಿ ಯಾರೂ ಮಾತಾಡಬಾರದು. ಕೊಪ್ಪಳದ ನಮ್ಮ ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆ ಈ ನಿಯಮವನ್ನು ದಪ್ಪಕ್ಷರದಲ್ಲಿ ಬರೆಸಿ ಅಂಟಿಸಿದವನು ನಾನೇ.

ಅವತ್ತು ಮಂಚದ ಮೇಲಿದ್ದವರು ಕಿನ್ನಾಳದಲ್ಲಿ ಗೊಂಬೆ ಮಾಡುವ ಈರಪ್ಪ. ಲಿವರಿನಲ್ಲೊಂದು ಗಂಟು. ಅದು ಕ್ಯಾನ್ಸರೋ ಅಲ್ಲವೋ ತಿಳಿಯಬೇಕಾದರೆ, ಸ್ಕ್ಯಾನ್ ನೋಡುತ್ತಲೇ ಸೂಜಿಯಿಂದ ಅದರ ಚೂರು ತೆಗೆಯಬೇಕು. ಉಸಿರಾಡಿದರೆ ಗಂಟು ಜರುಗುತ್ತದೆ.

"ಉಸಿರು ಹಿಡೀರಿ," ಅಂದೆ.

"ಹಿಡದೀನ್ರಿ ಸರ," ಅಂದರು. ಪರದೆಯ ಮೇಲೆ ಗಂಟು ಜರುಗಿತು. ಡಾಕ್ಟರು ಹೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಮರ್ಯಾದೆಯೇ?

ಎರಡನೇ ಸಲ, ಅವರ ತಲೆಯ ಬಳಿ ನಿಂತಿದ್ದ ಹೆಂಡತಿ ವರದಿ ಕೊಟ್ಟರು: "ಈಗ ಖರೇನ ಹಿಡದಾರ್ರಿ!"

"ಯಕ್ಕಾ, ಸುಮ್ಮನಿರ್ರಿ!" ಎಂದು ನರ್ಸ್ ಗದರಿದಳು.

ನಾನು ಮೌನದ ಮಹತ್ವದ ಬಗ್ಗೆ ಇಬ್ಬರು ಹೆಂಗಸರಿಗೂ ನಾಲ್ಕು ಮಾತು ಹೇಳಿದೆ. ನನ್ನ ಭಾಷಣ ಮುಗಿಯುವ ಮೊದಲೇ ಈರಪ್ಪನವರ ಉಸಿರು ಮುಗಿದಿತ್ತು.

ಕೊನೆಗೆ ಹೆಂಡತಿಯೇ ಗಂಡನಿಗೆ ದಾರಿ ತೋರಿಸಿದರು. "ಗೊಂಬಿಗೆ ಕಣ್ಣ ಬರಿಯಾಕತ್ತೀನಿ ಅಂತ ತಿಳ್ಕೋರಿ. ಆವಾಗ ಉಸಿರ ಬಿಡಂಗಿಲ್ಲಲ್ರಿ ನೀವು."

ಈರಪ್ಪ ತುಟಿ ಬಿಗಿದರು. ಗಂಟು ಕೂದಲೆಳೆಯಷ್ಟೂ ಅಲುಗಲಿಲ್ಲ, ಸೂಜಿ ನೆಟ್ಟಗೆ ಹೋಯಿತು. ಅಭ್ಯಾಸ ನೋಡಿ, "ನೋವಾತೇನ್ರಿ?" ಎಂದು ಕೇಳಿಬಿಟ್ಟೆ. ಉತ್ತರವಿಲ್ಲ. ಚೂರು ಸಿಕ್ಕಿತು, ಸೂಜಿ ಹೊರಗೆ ಬಂತು.

"ಛಲೋ ಆತು. ಇನ್ನ ಉಸಿರು ಬಿಡ್ರಿ, ಬೇಕಾದಷ್ಟು ಮಾತಾಡ್ರಿ," ಅಂದೆ.

ಈರಪ್ಪ ಬಿಡಲಿಲ್ಲ. ಗೊಂಬೆಯ ಇನ್ನೊಂದು ಕಣ್ಣು ಬಾಕಿ ಇತ್ತೇನೋ, ಮೆಲ್ಲಗೆ ಕೈ ಎತ್ತಿ ನನ್ನ ಮಾಸ್ಕಿನ ಮೇಲೆ ಬೆರಳಿಟ್ಟರು.