ಏಡಿ ತಿನ್ನುವ ಗಂಡಸರು

ಗಂಡಸು ಎಂಥವನು ಎಂದು ತಿಳಿಯಬೇಕಾದರೆ ಅವನ ಜಾತಕ ನೋಡಬೇಡಿ, ಅವನು ಏಡಿ ತಿನ್ನುವುದನ್ನು ನೋಡಿ. ಇದು ನನ್ನೊಬ್ಬಳ ಮಾತಲ್ಲ, ನಮ್ಮ ಹಿರೋಡೆಯ ಹೆಂಗಸರೆಲ್ಲ ಒಪ್ಪಿಕೊಂಡದ್ದು. ಮಾತು ಸರಿ, ಆದರೆ ನಾವು ನೋಡುತ್ತಿದ್ದ ರೀತಿ ತಪ್ಪಾಗಿತ್ತು. ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಅಕ್ಷರ ಅಷ್ಟಕ್ಕಷ್ಟೆ. ಒತ್ತಕ್ಷರ ಬಂದ ಕಡೆ ಬಳಪ ತಡವರಿಸುತ್ತದೆ. ಏಡಿಗೆ ಒತ್ತಕ್ಷರ ಇಲ್ಲದ್ದು ನನ್ನ ಪುಣ್ಯ.

ಏಡಿಯಲ್ಲೂ ತರತಮ ಉಂಟು. ಪಟ್ಟಣದ ಹೊಳೆ ಏಡಿ ನೋಡಲು ದೊಡ್ಡದು, ಒಡೆದರೆ ಒಳಗೆ ಬರೀ ನೀರು, ಪಟ್ಟಣದವರ ಹಾಗೆಯೇ. ಅತ್ತಿಕುಪ್ಪೆ, ಕಿಕ್ಕೇರಿ ಕಡೆಯ ಕೆರೆ ಏಡಿಗೆ ಕೆಸರಿನ ವಾಸನೆ. ನಮ್ಮ ನಾಲೆ ಬದಿಯ ಗದ್ದೆ ಬದುವಿನಲ್ಲಿ, ಬಿಲದೊಳಗೆ ಕೂತಿರುತ್ತದಲ್ಲ, ಅದು ಚಿಕ್ಕದು, ಆದರೆ ಗಟ್ಟಿ. "ಗಾತ್ರ ನೋಡಿ ಮೋಸ ಹೋಗ್ಬ್ಯಾಡಿ" ಎಂದು ನನ್ನ ಸೋದರತ್ತೆ ಬೀದಿಗೆ ಹೊಸದಾಗಿ ಬಂದ ಸೊಸೆಯರಿಗೆಲ್ಲ ಹೇಳುತ್ತಿದ್ದಳು. ಸೊಸೆಯರು ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ಅತ್ತೆ ಹೇಳುತ್ತಿದ್ದದ್ದು ಏಡಿಯ ವಿಷಯ. ನಗುವವರ ಮನಸ್ಸಿನಲ್ಲಿ ಏನಿತ್ತೋ ನನಗೇನು ಗೊತ್ತು.

ಹುಣ್ಣಿಮೆಯ ಏಡಿ ಸೊರಗಿರುತ್ತದೆ, ಅಮಾವಾಸ್ಯೆಯ ಏಡಿ ತುಂಬಿರುತ್ತದೆ. ಬೆಳದಿಂಗಳಲ್ಲಿ ತನ್ನ ನೆರಳಿಗೆ ತಾನೇ ಹೆದರಿ ಮೇವು ಬಿಡುತ್ತದಂತೆ. ಕತ್ತಲಾದರೆ ಧೈರ್ಯ ಬರುವ ಜೀವಗಳು ಇನ್ನೂ ಕೆಲವು ಇವೆ, ಅವುಗಳ ಹೆಸರು ಇಲ್ಲಿ ಬೇಡ. ಏಡಿ ಸಾರು ಮೈಗೆ ಉಷ್ಣ. ಕೆಮ್ಮಿಗೆ, ಸೊಂಟನೋವಿಗೆ ಒಳ್ಳೆಯದು ಎನ್ನುವುದು ಹೊರಗೆ ಹೇಳುವ ಮಾತು. ಆದರೆ ವಯಸ್ಸಾದವರ ಮನೆಯಲ್ಲಿ ಒರಳಿಗೆ ಏಡಿ ಹಾಕಿ ಜಜ್ಜುವ ಸದ್ದು ಕೇಳಿದರೆ ಸಾಕು, ಮಾರನೆಯ ದಿನ ನಾಲೆಯ ಹತ್ತಿರ ಆ ಮನೆಯ ಮುದುಕಿಯನ್ನು ಎಲ್ಲರೂ ವಿಚಾರಿಸುವವರೇ. "ಅಜ್ಜಿ, ಅಜ್ಜನ ಕೆಮ್ಮು ಎಂಗದೆ?"

ಗಂಡ ಸತ್ತವಳನ್ನು ಇನ್ನೊಬ್ಬ ಸೀರೆ ಕೊಟ್ಟು ಕರೆದುಕೊಂಡು ಹೋಗುವುದು ನಮ್ಮಲ್ಲಿ ಉಂಟು. ಸೀರುಡಿಕೆ ಎನ್ನುತ್ತೇವೆ. ಸೀರೆ ತಂದವನಿಗೆ ನಮ್ಮ ಬೀದಿಯಲ್ಲಿ ಮೊದಲು ಮುದ್ದೆ, ಏಡಿ ಸಾರು ಬಡಿಸುತ್ತಿದ್ದರು. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದರು. ಚಿಪ್ಪನ್ನು ಹಲ್ಲಿನಲ್ಲಿ ಕಟಕ್ಕೆಂದು ಒಡೆದು, ಹೀರಿ ಬಿಸಾಕಿ, ಇನ್ನೊಂದಕ್ಕೆ ಕೈ ಹಾಕಿದವನು ಗಂಡಸು. ಬರೀ ಸಾರು ಕುಡಿದು ಏಡಿ ಬಿಟ್ಟವನು ಮಾತಿನ ಮಲ್ಲ. ತಡ ಮಾಡಿದವನಿಂದ ಏನೂ ಆಗದು.

ನನ್ನ ಮೊದಲ ಗಂಡ ಈ ಪರೀಕ್ಷೆಯಲ್ಲಿ ಮಹಾಶೂರ. ಮುದ್ದೆ ಆರುವುದರೊಳಗೆ ಐದು ಏಡಿ ಮುಗಿಸುತ್ತಿದ್ದ. ಬೀದಿಯ ಹೆಂಗಸರು ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಎಲ್ಲದರಲ್ಲೂ ಅವನು ಹಾಗೆಯೇ. ತಾನು ಉಂಡು, ಕೈ ತೊಳೆದು, ಗೊರಕೆ ಹೊಡೆಯುವ ಹೊತ್ತಿಗೆ ನನ್ನ ಎಲೆಗೆ ಇನ್ನೂ ಬಡಿಸಿಯೇ ಇರುತ್ತಿರಲಿಲ್ಲ. ಸುಲ್ತಾನರ ದಂಡಿನಲ್ಲಿ ಫಿರಂಗಿ ಎಳೆಯುವ ಎತ್ತುಗಳ ಜೊತೆ ಹೋದವನು ಮಲೆಯಾಳದ ಕಡೆ ಜ್ವರ ಬಂದು ಸತ್ತ. ಅದನ್ನೂ ಎರಡೇ ದಿನದಲ್ಲಿ ಮುಗಿಸಿದನಂತೆ. ಅಳುವಷ್ಟು ದಿನ ಅತ್ತು ಕಣ್ಣೊರೆಸಿಕೊಂಡೆ.

ನನಗೆ ಮೂವತ್ತು ದಾಟಿದ ಮೇಲೆ ನಾಗಮಂಗಲದ ಆಚೆಯಿಂದ ಒಬ್ಬರು ಸೀರೆ ತಂದರು. ಹೆಂಡತಿ ಸತ್ತಿದ್ದಳು, ಹೋರಿ ಪಳಗಿಸುವ ಕೆಲಸ. ಒಮ್ಮೆ ಸಂತೆಯಲ್ಲಿ ಅವರನ್ನು ನೋಡಿದ್ದೆ. ಬೆದರಿದ ಹೋರಿಯನ್ನು ಹೊಡೆಯದೆ, ಎಳೆಯದೆ, ಅದು ತಾನಾಗಿ ಮೂಗು ಚಾಚುವವರೆಗೆ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಅವತ್ತೇ ನನಗೆ ಹಿಡಿಸಿದ್ದರು. ಆದರೆ ನನ್ನನ್ನು ಸಾಕಿದವಳು ಸೋದರತ್ತೆ, ಅವಳು ಹೇಳಿದ್ದೇ ಕಡೆಯ ಮಾತು. "ಏಡಿ ಮುಗಿಸುದ್ರೆ ಸೀರೆ ಮಡಿಕತೀವಿ. ಇಲ್ದಿದ್ರೆ ಸೀರೆನೂ ವಾಪಸ್ಸು, ಅವನೂ ವಾಪಸ್ಸು" ಎಂದುಬಿಟ್ಟಳು. ಅವರದು ಮಳೆ ನಂಬಿದ ಹೊಲದ ಸೀಮೆ. ಆ ಮನುಷ್ಯ ಏಡಿಯ ಮುಖವನ್ನೇ ಕಂಡವರಲ್ಲ.

ಮಧ್ಯಾಹ್ನ ಎಲೆ ಹಾಕಿ ಏಡಿ ಬಡಿಸಿದೆವು. ಅವರು ಅದನ್ನು ನೋಡಿದರು, ಅದೂ ಅವರನ್ನು ನೋಡಿತು. ಆಮೇಲೆ ತಲೆಯೆತ್ತಿ ಅತ್ತೆಯನ್ನು ಕೇಳಿದರು.

"ಅವ್ವಾ, ಇದ್ನ ಯಾವ ಕಡೆಯಿಂದ ಸುರು ಮಾಡದು?"

ಬಾಗಿಲ ಮರೆಯಲ್ಲಿ ನನ್ನ ಪಕ್ಕ ನಿಂತಿದ್ದ ನೆರೆಮನೆಯ ಚೆನ್ನಿ, ಅವಳೂ ಗಂಡ ಸತ್ತವಳೇ, ಸೆರಗು ಕಚ್ಚಿಕೊಂಡಳು. "ಒಂದ್ಸಲ ಸಂಸಾರ ಮಾಡ್ದೋನು ಕೇಳೋ ಮಾತಾ ಇದು?"

"ಯಾವ ಕಡೆಯಿಂದಾದ್ರೂ ಸುರು ಮಾಡಪ್ಪ. ಮುಗಿಸದು ಮುಖ್ಯ" ಎಂದಳು ಅತ್ತೆ.

ಅವರು ಹಲ್ಲು ಹಾಕಲಿಲ್ಲ. ಏಡಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಗಂಟು ಎಲ್ಲಿದೆ ಎಂದು ಬೆರಳಿನಲ್ಲಿ ಹುಡುಕಿ ಒಂದು ಕಾಲು ತಿರುಚಿದರು. ಚೊಂಬಿನ ಅಂಚಿನಿಂದ ಮೆಲ್ಲಗೆ ತಟ್ಟಿ, ಒಳಗಿನ ತಿರುಳನ್ನು ಮುರಿಯದ ಹಾಗೆ ಎಳೆದು ತೆಗೆದರು. ಒಂದು ಕಾಲು, ಒಂದು ತುತ್ತು ಮುದ್ದೆ. ಮತ್ತೊಂದು ಕಾಲು. ಚಪ್ಪರದ ನೆರಳು ಜಗುಲಿಯಿಂದ ಅಂಗಳಕ್ಕೆ ಇಳಿಯಿತು.

"ಇನ್ನೂ ಕಾಲಲ್ಲೇ ಅವ್ನೆ ಕಣಮ್ಮಿ" ಎಂದು ಚೆನ್ನಿ ಪಿಸುಗುಟ್ಟಿದಳು.

ಮೊದಲು ಎಲ್ಲರೂ ನಕ್ಕರು. ಆಮೇಲೆ ನಗು ಒಂದೊಂದೇ ಬಾಯಲ್ಲಿ ನಿಂತಿತು. ಯಾರ ಮನೆಯಲ್ಲೋ ಸಾರು ಸೀದ ವಾಸನೆ ಬಂತು, ಯಾರೂ ಕದಲಲಿಲ್ಲ. ಚೆನ್ನಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಕಡೆಗೆ ಮೇಲಿನ ಚಿಪ್ಪು ತೆರೆಯಿತು. ಒಳಗಿನ ಹಳದಿ ಕೊಬ್ಬೇ ಏಡಿಯ ಸಾರಸರ್ವಸ್ವ. ಅದನ್ನು ಅವರು ಮುಟ್ಟಲಿಲ್ಲ. ಚಿಪ್ಪಿನ ಸಮೇತ ಪಕ್ಕಕ್ಕಿಟ್ಟು, "ರುಚಿ ಇರದು ಇದ್ರಲ್ಲೇ ಅಂತ ಕಾಣ್ತದೆ. ಒಳಗಿರೋರ್ಗೂ ಕೊಡಿ, ಅವರೂ ಉಣ್ಲಿ" ಎಂದರು.

ಅತ್ತೆ ಚಿಪ್ಪು ಹಿಡಿದು ಒಳಗೆ ಬಂದಳು. "ಬ್ಯಾಡ ಕಣಮ್ಮಿ ಇವ್ನು. ಒಂದು ಏಡಿಗೆ ಹೊತ್ತು ಇಳಿಸ್ಬುಟ್ಟ. ಸೀರೆ ಕೊಟ್ಟು ಕಳಿಸ್ಬುಡವ."

"ಸೀರೆ ಇರ್ಲಿ, ಅತ್ತೆ" ಎಂದೆ.

"ಯಾಕೆ?"

"ನಂಗೂ ಏನು ಅವಸರ ಇಲ್ಲ."

ಅತ್ತೆಯ ಮಾತಿಗೆ ಎದುರಾಡಿದ್ದು ಅದೇ ಮೊದಲು. ಅವಳು ಬಾಯಿ ತೆರೆಯುವುದರೊಳಗೆ ಚೆನ್ನಿ ಮುಂದೆ ಬಂದಳು. "ನೀನು ಒಲ್ಲೆ ಅಂದ್ರೆ ಈಗ್ಲೇ ಹೇಳ್ಬುಡಮ್ಮಿ. ನಮ್ಮನೇಲಿ ಇನ್ನೂ ಏಡಿ ಅವೆ."

ಅತ್ತೆ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಚಿಪ್ಪಿಗೆ ಬೆರಳು ಅದ್ದಿ ನೆಕ್ಕಿದಳು. "ನಮ್ಮ ಕಾಲ್ದಲ್ಲಿ ಅವಸರ ಅದೋ ಇಲ್ವೋ ಅಂತ ನನ್ನ ಯಾರೂ ಕೇಳ್ಲಿಲ್ಲ" ಎಂದು ಚಿಪ್ಪನ್ನು ನನ್ನ ಕೈಗಿಟ್ಟಳು.

ಸೀರೆ ಉಟ್ಟುಕೊಂಡು ಹೊರಟೆ. ನಾಗಮಂಗಲದ ಕಡೆ ಏಡಿ ಅಪರೂಪ. ನನಗೆ ಅದರ ಕೊರತೆ ತಿಳಿಯಲಿಲ್ಲ.

ಸುಲ್ತಾನರ ಪಟ್ಟಣದ ಕೋಟೆ ಬಿದ್ದ ವರ್ಷ ದಂಡು ಗದ್ದೆ ತುಳಿದು ಹೋಯಿತು. ಅತ್ತೆ ಊರು ಬಿಟ್ಟು ನಮ್ಮಲ್ಲಿಗೆ ಬಂದಳು. ಜೊತೆಯಲ್ಲಿ ತಂದದ್ದು ಎರಡೇ: ಒಂದು ಮಡಕೆ ಏಡಿ, ಒಬ್ಬ ಮಾವ. ಅಡುಗೆಯಾದ ಮೇಲೆ ಗಂಡನನ್ನು ನಮ್ಮವರ ಪಕ್ಕದಲ್ಲಿ ಕೂರಿಸಿದಳು. "ನೀನು ಮೆತ್ತಗೆ ಉಣ್ಣಪ್ಪ. ಇವರು ವಸಿ ನೋಡ್ಕಳ್ಲಿ."

"ಉಣ್ಣೋದ್ರಲ್ಲಿ ನೋಡದೇನಿದ್ದದು?" ಎಂದು ಮಾವ ಗದರಿದರು. ಅವರೂ ಹಿಂದೆ ಐದಾರು ಏಡಿಯ ಶೂರರೇ. ಈಗ ಬಾಯಲ್ಲಿ ಮೂರು ಹಲ್ಲು. ಕಚ್ಚಲಾರದೆ, ಪಕ್ಕಕ್ಕೆ ಕಣ್ಣು ಹಾಯಿಸಿ, ಒಂದೊಂದೇ ಕಾಲನ್ನು ತಿರುಚಿ ಬಿಡಿಸತೊಡಗಿದರು. ಅತ್ತೆ ಎದುರಿಗೆ ಕೂತು ಕಣ್ಣು ಕೀಳದೆ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಮಾವ ಅವಳತ್ತ ಒಂದಿಷ್ಟು ತಿರುಳು ಸರಿಸಿದರು. ಅತ್ತೆ ಅದನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು.

"ಈ ಹಲ್ಲು ಇನ್ನೂ ವಸಿ ಬೇಗ್ನೇ ಬಿದ್ದಿದ್ರೆ ಚೆಂದಾಗಿತ್ತು" ಎಂದಳು.