ನಲವತ್ತೆರಡರ ಜೋಳ

ಮಸ್ಕಿಯ ನಮ್ಮ ಓಣಿಯಲ್ಲಿ ಶಿವಬಸಮ್ಮನಷ್ಟು ಗಟ್ಟಿ ಹೆಣ್ಣು ಇನ್ನೊಬ್ಬಳಿರಲಿಲ್ಲ. ಆ ಗಟ್ಟಿತನವೇ ಅವಳನ್ನು ತಿಂದಿತು. ಗಂಡ ಸತ್ತ ಮೇಲೆ ಹೊಲ ತಾನೇ ಮಾಡಿಸಿ, ಅಂಗಳದ ನೆಲ ಅಗೆದು ಮಾಡಿದ್ದ ಹಗೆಯ ತುಂಬ ಜೋಳ ಸುರಿದು ಬಾಯಿ ಮುಚ್ಚಿದ್ದಳು. ಅದನ್ನು ಮಾರಿ ಮಗಳು ಪಾರ್ವತೆಮ್ಮನನ್ನು ಮುದಗಲ್ಲಿಗೆ ಮದುವೆ ಮಾಡಿ ಕೊಡಬೇಕು. ಮಾತುಕತೆ ಮುಗಿದಿತ್ತು.

ನಿಜಾಮರ ಕೊನೆಗಾಲದಲ್ಲಿ ಸರಕಾರದ ಲೆವಿ ವಸೂಲಿಯವರು ಮನೆಯ ಜೋಳ ಅಳೆದೊಯ್ದಾಗ ಗಂಜಿಗೂ ಪರದಾಡಿ, ದಿನದಿನಕ್ಕೆ ಏರುವ ಧಾರಣೆ ಕಂಡವಳು ಅವಳು. "ಏರಿದ್ದು ಇಳಿಯಂಗಿಲ್ಲ" ಎನ್ನುವುದು ಅವಳಿಗೆ ವೇದವಾಗಿತ್ತು. ಉಪ್ಪು ತುಟ್ಟಿಯಾದರೆ ಸಾಕು, ಮುಂದಿನ ವರ್ಷ ಜೋಳ ಮುತ್ತಾಗುತ್ತದೆ ಎನ್ನುತ್ತಿದ್ದಳು. ಒಮ್ಮೆ ಸಂತೆಯಲ್ಲಿ ಒಂದು ಪಲ್ಲದ ಅಳತೆ ಜೋಳಕ್ಕೆ ನಲವತ್ತೆರಡು ರೂಪಾಯಿ ಎಂದು ಕೇಳಿದ್ದೇ, ಆ ಅಂಕಿ ಅವಳ ತಲೆಯಲ್ಲಿ ಬೇರು ಬಿಟ್ಟಿತು.

ಅಷ್ಟರಲ್ಲಿ ನಿಜಾಮರ ಹಾಲಿ ರೂಪಾಯಿ ಹೋಗಿ ಭಾರತ ಸರಕಾರದ ಕಲ್ದಾರ್ ರೂಪಾಯಿ ಬಂತು. ವ್ಯಾಪಾರಿ ಸೂಗಪ್ಪ ಮನೆಗೇ ಬಂದ.

"ಪಲ್ಲಕ್ಕ ಮೂವತ್ತಾರು ಕೊಡ್ತೀನ್ರಿ ಯಕ್ಕಾ."

"ಆರು ರೂಪಾಯಿ ನುಂಗಾಕ ಬಂದಿಯೇನಪಾ?"

"ಏಳು ಹಾಲಿಗೆ ಆರು ಕಲ್ದಾರ್ ರೀ. ನಿಮ್ಮ ನಲವತ್ತೆರಡೂ ನನ್ನ ಮೂವತ್ತಾರೂ ಒಂದ."

"ನಲವತ್ತೆರಡು ಅಂದ್ರ ನಲವತ್ತೆರಡು. ಬಂದಾಗ ಹಗೆ ತೆಗೀತೀನಿ."

ಓಣಿಯವರೆಲ್ಲ ಹೇಳಿದೆವು, ಕೇಳಲಿಲ್ಲ. ಉಪ್ಪು ಮಾರುವ ಅಂಗಡಿಯವನು ಹಾಲಿಯ ಅಂಕಿಯನ್ನೇ ಕಲ್ದಾರಿನಲ್ಲಿ ವಸೂಲು ಮಾಡುತ್ತಿದ್ದ. ಅವನ ಕೈ ಸೇದಿಹೋಗಲಿ! ಅದನ್ನು ಕಂಡು ಅವಳ ಹಟ ಇನ್ನೂ ಬಿಗಿಯಾಯಿತು.

ಮರುವರ್ಷ ಎಲ್ಲೆಡೆ ಬೆಳೆ ಚೆನ್ನಾಗಿ ಬಂತು, ಜೋಳದ ಧಾರಣೆ ಬಿತ್ತು. ಮುದಗಲ್ಲಿನವರು ಹೇಳಿ ಕಳಿಸಿದಾಗಲೆಲ್ಲ "ಜೋಳ ಏರಲಿ, ಲಗ್ನ ಮಾಡೂಣು" ಎಂದಳು. ಅವರು ಕಾದು ಕಾದು ಬೇರೆ ಕಡೆಯಿಂದ ಹೆಣ್ಣು ತಂದರು. ಪಾರ್ವತೆಮ್ಮ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಆ ಮಳೆಗಾಲ ಜೋರಾಗಿ ಹಿಡಿಯಿತು. ಅಂಗಳದಲ್ಲಿ ಮುಗ್ಗಲು ವಾಸನೆ ಎದ್ದ ಮೇಲೆ ಹಗೆ ತೆಗೆಸಿದಳು. ರೂಢಿಯಂತೆ, ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ನೋಡಲು ಮೊದಲು ದೀಪ ಇಳಿಸಿದರು, ಇಳಿಸಿದೊಡನೆ ಅದು ಆರಿತು. ಗಾಳಿ ಆಡಿದ ಮೇಲೆ ಬುಟ್ಟಿಯಲ್ಲಿ ಮೇಲೆ ಬಂದದ್ದು ಜೋಳವಲ್ಲ, ಕರಿ ಕೆಸರು. ದನವೂ ಮೂಸಲಿಲ್ಲ.

ಮುಂದಿನ ಸಂತೆಗೆ ಶಿವಬಸಮ್ಮ ಚೀಲ ಹಿಡಿದು ಸೂಗಪ್ಪನ ಅಂಗಡಿ ಮುಂದೆ ನಿಂತಳು, ಜೋಳ ಕೊಳ್ಳಲು.

"ಬಾಳ ಸೋವಿ ಆಗೇತ್ರಿ ಯಕ್ಕಾ. ಚೀಲ ತುಂಬಲೇನ್ರಿ?"

"ಬ್ಯಾಡಪಾ, ಒಂದ ಸೇರು ಹಾಕು. ಇಳಿದದ್ದು ಇನ್ನ ಏರಂಗಿಲ್ಲ."

ಪಕ್ಕದಲ್ಲಿದ್ದ ಪಾರ್ವತೆಮ್ಮ ಚೀಲದ ಬಾಯಿ ಅಗಲಿಸಿ ಹಿಡಿದು ಕೇಳಿದಳು: "ನನ್ನ ಲಗ್ನದ ಮಾತೂ ಹಂಗ ಏನಬೇ?"

ಶಿವಬಸಮ್ಮ ಮಗಳ ಮುಖ ನೋಡದೆ ಸೆರಗಿನ ಗಂಟು ಬಿಚ್ಚಿ ಒಂದು ಸೇರಿನ ದುಡ್ಡು ಎಣಿಸತೊಡಗಿದಳು.