ಕೆಂಪು ಅಕ್ಷರ ಬಿಡಿಸಿಕೊಟ್ಟ ನೀಲಿಮಾ

ಮರಾಠಿ ಸೀಮೆಯ ನಿಗಡಿಯ ಓಣಿಯಲ್ಲಿ ಇನ್ನೂ ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಮೊದಲ ಮಹಡಿಯ ಕಂಪ್ಯೂಟರ್ ಕ್ಲಾಸಿನ ಶಟರ್ ಎತ್ತಿ, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ನೀಲಿಮಾ ಕುಲಕರ್ಣಿ ಒಂದೊಂದೇ ಯಂತ್ರ ಚಾಲೂ ಮಾಡುತ್ತಾರೆ. ಕಿಟಕಿಯ ಪಕ್ಕದ ಯಂತ್ರದಲ್ಲಿ ಕಪ್ಪು ಪರದೆಯ ತುಂಬ ಕೆಂಪು ಅಕ್ಷರ. ಕೈ ತಾನಾಗಿ ಕೀಬೋರ್ಡಿನತ್ತ ಹೋಗುತ್ತದೆ. ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು ಅವರು ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಾರೆ. ಅದು ರಕ್ಷಿತಾ ಎಂಬ ಹುಡುಗಿಯ ಯಂತ್ರ. ಅವಳೇ ಬಂದು ಬಿಡಿಸಲಿ ಎಂಬುದು ಈಗಿನ ನೇಮ. ಮೊದಲು ಹೀಗಿರಲಿಲ್ಲ.

ಇವರ ಕೆಲಸಕ್ಕೆ ಹೆಸರಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ವೆಬ್ ಪುಟ ಕಟ್ಟಬೇಕೆಂದರೆ, ಬರೆದ ತುಣುಕುಗಳನ್ನೆಲ್ಲ ಹೊಂದಿಸಿಕೊಡುವ ಬಿಲ್ಡ್ ಟೂಲ್ ಬೇಕು. ಆ ಟೂಲಿಗೆ ಬೇರೆಯವರು ಬರೆದಿಟ್ಟ ನೂರಾರು ಪ್ಯಾಕೇಜು ಬೇಕು, ಅವಕ್ಕೆ ಮತ್ತಷ್ಟು. ಒಂದಕ್ಕೆ ಹಳೆಯ ವರ್ಷನ್, ಅಂದರೆ ಹಳೆಯ ಆವೃತ್ತಿಯೇ ಆಗಬೇಕು, ಇನ್ನೊಂದಕ್ಕೆ ಹೊಸದು. ಎರಡೂ ಹಟಕ್ಕೆ ಬಿದ್ದರೆ ಇನ್‌ಸ್ಟಾಲ್ ಅಲ್ಲಿಗೇ ನಿಂತಿತು, ಪರದೆಯ ತುಂಬ ಕೆಂಪು ಅಕ್ಷರದಲ್ಲಿ ತಪ್ಪಿನ ಪಟ್ಟಿ. “ಲಗ್ನಕ್ಕ ಒಬ್ಬರನ್ನ ಕರದ್ರ ಅವರ ಬೀಗರೂ ಬರ್ತಾರಲ್ರೀ, ಹಂಗ. ಬಂದವರೊಳಗ ಇಬ್ಬರಿಗೆ ಮಾತು ಬಿಟ್ಟಿರ್ತದ,” ಎನ್ನುತ್ತಾರೆ ನೀಲಿಮಾ.

ಧಾರವಾಡದ ಮಾಳಮಡ್ಡಿಯಿಂದ ಮದುವೆಯಾಗಿ ಬಂದವರು. ಗಂಡ ಪ್ರಲ್ಹಾದ ಅವರಿಗೆ ಆಕುರ್ಡಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ನೀಲಿಮಾ ಇಲ್ಲಿಗೆ ಸೇರಿದ್ದು ಬಾಗಿಲಲ್ಲಿ ಕೂತು, ವಿಚಾರಿಸಲು ಬಂದವರಿಗೆ ಉತ್ತರ ಹೇಳಲು. ಪಾಠದ ಸರ್ ಪಾಠ ಮುಗಿಸಿ ಇನ್ನೊಂದು ಕ್ಲಾಸಿಗೆ ಓಡುವವರು. ಹಾಗಾಗಿ ನಿಂತುಹೋದ ಯಂತ್ರಗಳೆಲ್ಲ ಇವರ ಕೊರಳಿಗೆ ಬಿದ್ದವು. ಇಂಗ್ಲಿಷ್ ಸಾಲುಗಳನ್ನು ಪದ ಕೂಡಿಸಿಕೊಂಡು ಓದಿ, ತಪ್ಪು ಮಾಡಿ, ಮತ್ತೆ ಓದಿ ಕಲಿತರು. “ನಾ ಅತ್ತು ಅತ್ತು ಕಲತೀನ್ರೀ. ಈ ಹುಡುಗ್ಯಾರರ ಯಾಕ ಅಳಬೇಕು ಅಂತ ನಾನ ಮಾಡಿ ಕೊಡ್ಲಿಕ್ಕೆ ಹತ್ತಿದೆ.”

ಮಾಡಿಕೊಟ್ಟೇ ಕೊಟ್ಟರು. ಪರದೆ ಕೆಂಪಾಯಿತೋ, ಮಕ್ಕಳು ಕೆಳಗಿಳಿದು ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಸರಿ. ಅಕ್ಕ ಇದ್ದರೆ ಚಿಂತೆಯಿಲ್ಲ ಎಂದು ಮರಾಠಿಯಲ್ಲಿ ಹೊಗಳಿ ಹೋಗುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ ಹೇಳಿ? ಇವರಿಗೂ ಹಿತವಾಗಿತ್ತು.

ಕನ್ನಡ ಮನೆಮಾತಿನ ರಕ್ಷಿತಾ ಆ ಬ್ಯಾಚುಗಳ ಜಾಣೆ. ಹೋದ ವರ್ಷ ಯೆರವಡಾದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಕ್ಲಾಸಿಗೆಲ್ಲ ಪೇಢೆ ಹಂಚಿ ಹೋದಳು. ಅಲ್ಲಿ ಅವಳ ಕೈಗೆ ಹೊಸ ಲ್ಯಾಪ್‌ಟಾಪ್ ಕೊಟ್ಟು, ಹಳೆಯ ಪ್ರಾಜೆಕ್ಟೊಂದನ್ನು ಚಾಲೂ ಮಾಡಿ ತೋರಿಸು ಎಂದರು. ಇನ್‌ಸ್ಟಾಲ್ ಮಾಡಿದರೆ ಬರೀ ಕೆಂಪು. ಅವಳು ನೀಲಿಮಾಗೆ ಫೋನ್ ಹಚ್ಚಿದಳು. ಮೇಲೇನು ಬರೆದಿದೆ ಓದು ಎಂದರೆ, ಪಾಪ, ಕೊನೆಯ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಆಫೀಸಿನ ಕೆಲಸ ಹೊರಗಿನವರಿಗೆ ಹೇಳಬಾರದು ಎಂದು ಯಾರೋ ಫೋನ್ ಇಡಿಸಿದರು. ವಾರದೊಳಗೆ ಮನೆಗೆ ಕಳಿಸಿದರು.

ಬಂದವಳು ಸಿಟ್ಟು ಮಾಡಲಿಲ್ಲ. ಕ್ಲಾಸಿನ ಬಾಗಿಲಲ್ಲಿ ನಿಂತು ಅಂದದ್ದು ಇಷ್ಟೇ: “ಅಕ್ಕಾ, ಕೆಂಪು ಬಂದಾಗೆಲ್ಲಾ ನೀವು ನನ್ನ ಎಬ್ಬಿಸಿ ಕೂಡತಿದ್ರಿ. ಅಲ್ಲೆ ಯಾರೂ ಎಬ್ಬಿಸಲಿಲ್ರೀ.”

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಇದನ್ನು ಹೇಳುವಾಗ ನೀಲಿಮಾ ಸೆರಗಿನ ತುದಿಯಲ್ಲಿ ಕನ್ನಡಕ ಒರೆಸುತ್ತಲೇ ಇರುತ್ತಾರೆ. “ಹಿಂದಿನವರು ಎಷ್ಟ್ ಮಂದಿ ಹಿಂಗ ಹೊರಗ ಬಿದ್ದಾರೋ. ಅವರು ಹೇಳಲಿಲ್ಲ, ನಾ ಕೇಳಲಿಲ್ಲ.” ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡೇ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಯಾವುದು ಎಂದು ಅವರಿಗೆ ಗೊತ್ತಿಲ್ಲ.

ರಕ್ಷಿತಾಳನ್ನು ಮನೆಗೇ ಹೋಗಿ ಕರೆತಂದಿದ್ದಾರೆ. ಸೋಮವಾರ ಅವಳಿಗೆ ಇನ್ನೊಂದು ಕಡೆ ಇಂಟರ್‌ವ್ಯೂ. ಈ ಸಲವೂ ಆಗದಿದ್ದರೆ ಕಂಪ್ಯೂಟರಿನ ಗೊಡವೆಯೇ ಬೇಡ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಾಳೆ. ಅದಕ್ಕೇ ದಿನವೂ ಒಂದು ಕೆಟ್ಟು ನಿಂತ ಪ್ರಾಜೆಕ್ಟನ್ನು ಅವಳ ಮುಂದಿಟ್ಟು ನೀಲಿಮಾ ದೂರ ಕೂರುತ್ತಾರೆ.

ಏಳಕ್ಕೆ ರಕ್ಷಿತಾ ಬರುತ್ತಾಳೆ. ಕೊನೆಯ ಸಾಲು ನೋಡುತ್ತಾಳೆ, ಬಿಟ್ಟು ಮೇಲಕ್ಕೆ ಹತ್ತುತ್ತಾಳೆ, ಮೊದಲ ತಕರಾರು ಎಲ್ಲಿ ಎದ್ದಿತೆಂದು ಹುಡುಕುತ್ತಾಳೆ. ತಪ್ಪು ವರ್ಷನ್ ಬದಲಿಸುತ್ತಾಳೆ, ಮತ್ತೂ ಕೆಂಪು. ನೀಲಿಮಾ ತುಟಿ ಕಚ್ಚಿಕೊಂಡು ಕೂತಿದ್ದಾರೆ. ಹುಡುಗಿ ಹಳೆಯ ಪ್ಯಾಕೇಜುಗಳನ್ನು ಪೂರ್ತಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುತ್ತಾಳೆ. ಪುಟ ತೆರೆಯುತ್ತದೆ. ಇಷ್ಟರಲ್ಲಿ ಒಮ್ಮೆಯೂ ಅಕ್ಕನನ್ನು ಕೂಗಿಲ್ಲ. ನೀಲಿಮಾರ ಮುಖ ಅರಳುತ್ತದೆ.

ಪಕ್ಕದ ಯಂತ್ರದಲ್ಲಿ ಹೊಸ ಹುಡುಗಿ ಶ್ರದ್ಧಾ, ತನ್ನದೂ ಕೆಂಪಾಯಿತು ಎಂದು ಅಳುಮುಖ ಮಾಡುತ್ತಾಳೆ. ರಕ್ಷಿತಾ ಗೆದ್ದ ಹುಮ್ಮಸ್ಸಿನಲ್ಲಿ ಅವಳ ಭುಜ ತಟ್ಟಿ, “ಏಳು, ನಾ ಮಾಡಿ ಕೊಡ್ತೀನಿ,” ಎಂದು ಅವಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರುತ್ತಾಳೆ.

ನೀಲಿಮಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಆಮೇಲೆ ಸಣ್ಣ ದನಿಯಲ್ಲಿ ಅನ್ನುತ್ತಾರೆ: “ನನ್ನ ನೋಡಿ ಕಲತದ್ದು ಅದೊಂದ ನೋಡ್ರಿ.”